ಇರುವೆಯ ಕಾಲಿನ ಕೂದಲು

ನಮ್ಮಣ್ಣ ಹಲ್ಲಿನ ಡಾಕ್ಟರು. ಊರಿನ ಅರ್ಧ ಜನರ ಬಾಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಿತ್ತು. ಮಿಕ್ಕರ್ಧ ಜನ ಅವನ ಕೈಗೆ ಸಿಗಬಾರದೆಂದು ಎರಡು ಹೊತ್ತು ಹಲ್ಲುಜ್ಜುತ್ತಿದ್ದರು. ಅಂಥವನು ಕಳೆದ ವರ್ಷ ಒಂದು ಮಧ್ಯಾಹ್ನ ಗ್ಲೌಸು ಬಿಚ್ಚಿಟ್ಟು ಮನೆಗೆ ಬಂದವನು ಮತ್ತೆ ಕ್ಲಿನಿಕ್ಕಿನ ಕಡೆ ತಲೆ ಹಾಕಲಿಲ್ಲ. ಕೆಲವು ತಿಂಗಳಿಂದ ಬಲಗೈ ನಡುಗುತ್ತಿತ್ತು. ಆ ದಿನ ಒಬ್ಬ ಹೆಂಗಸಿನ ಕೆಳತುಟಿಗೆ ಸಣ್ಣ ಗೀರು ಬಿತ್ತು. ತುಟಿ ಮರಗಟ್ಟಿದ್ದರಿಂದ ಆಕೆಗೆ ಗೊತ್ತೇ ಆಗಲಿಲ್ಲ. ಅಣ್ಣ ತಾನೇ ಕನ್ನಡಿ ಹಿಡಿದು ತೋರಿಸಿ, ಕ್ಷಮೆ ಕೇಳಿ, ಔಷಧಿ ಹಚ್ಚಿ, ಮಿಕ್ಕ ಕೆಲಸವನ್ನು ಪಕ್ಕದ ಕೋಣೆಯ ಚಿಕ್ಕ ಡಾಕ್ಟರಿಗೆ ಒಪ್ಪಿಸಿದ. ಚಿಕ್ಕ ಡಾಕ್ಟರು ಎಂದರೆ ಅವನ ಕೈಕೆಳಗೆ ಪಳಗಿದ ಹುಡುಗಿ. ಅವನು ದೊಡ್ಡ ಡಾಕ್ಟರು, ಆಕೆ ಚಿಕ್ಕ ಡಾಕ್ಟರು, ಹಾಗೆಂದು ಪೇಷಂಟುಗಳೇ ಹೆಸರಿಟ್ಟಿದ್ದರು.

ನರದ ಡಾಕ್ಟರು ಮಾತ್ರೆ ಕೊಟ್ಟರು. ಇದು ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸಕ್ಕೆ ಇಳಿದಾಗ ಕಮ್ಮಿಯಾದರೂ ಆಗಬಹುದು, ನೋಡೋಣ ಎಂದರು. ಆ "ನೋಡೋಣ"ವನ್ನು ಅಣ್ಣ ಗಟ್ಟಿಯಾಗಿ ಹಿಡಿದುಕೊಂಡ.

ದಿನವಿಡೀ ಬೇರೆಯವರ ಬಾಯಿಗೆ ಕೈ ಹಾಕುತ್ತಿದ್ದವನು ಮನೆಯಲ್ಲಿ ಕೂತರೆ ಏನು ಮಾಡಿಯಾನು? ಅತ್ತಿಗೆಯ ಪ್ರತಿ ಕೆಲಸಕ್ಕೂ ಮೂಗು ತೂರಿಸತೊಡಗಿದ. ಚಾಕು ಹಿಡಿಯುವ ರೀತಿ ಸರಿಯಿಲ್ಲ, ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ, ಕೊರಿಯರ್ ತಂದವನ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಬೇಕು. ಕೊನೆಗೆ ಅತ್ತಿಗೆ ನನಗೆ ಫೋನ್ ಮಾಡಿದರು.

"ಏನಾದ್ರೂ ಮಾಡೇ ತಾಯಿ. ನಿಮ್ಮಣ್ಣನ್ನ ದಿನಕ್ಕೆ ಒಂದೆರಡು ಗಂಟೆ ಆಚೆ ಹಾಕು. ಇಲ್ಲಾಂದ್ರೆ ನಾನೇ ಆಚೆ ಹೋಗ್ತೀನಿ."

ನನ್ನದು ಫೋಟೋ ಸ್ಟುಡಿಯೋ. ಪಾಸ್‌ಪೋರ್ಟಿಗೆ ಗಂಟುಮೋರೆ, ಮದುವೆಗೆ ನಗುಮೋರೆ, ಎರಡನ್ನೂ ತೆಗೆದು ಹೊಟ್ಟೆ ಹೊರೆಯುವವಳು. ಅಣ್ಣ ನನ್ನನ್ನು ಚಿಕ್ಕಂದಿನಿಂದ ಪಟಾಕಿ ಎಂದು ಕರೆಯುತ್ತಾನೆ. ಯಾಕೆಂದು ನನ್ನ ಗಂಡನನ್ನು ಕೇಳಿದರೆ ಸಾಕು, ವಿವರವಾಗಿ ಹೇಳುತ್ತಾರೆ. ಸ್ಟುಡಿಯೋದಲ್ಲಿ ಒಂದು ಹಳೆಯ ಕ್ಯಾಮೆರಾ, ತೀರಾ ಹತ್ತಿರದ ಸಣ್ಣ ವಸ್ತುಗಳನ್ನು ದೊಡ್ಡದಾಗಿ ಹಿಡಿಯುವ ಒಂದು ಮ್ಯಾಕ್ರೋ ಲೆನ್ಸು ಬಿದ್ದಿದ್ದವು. ತಂದು ಅಣ್ಣನ ಮುಂದಿಟ್ಟೆ. ಸಣ್ಣ ಜಾಗದಲ್ಲಿ ಸಣ್ಣದನ್ನು ನೋಡಿ ರೂಢಿಯಿರುವ ಮನುಷ್ಯ, ಹಿತ್ತಲಿನ ಹುಳಗಳನ್ನಾದರೂ ನೋಡಲಿ ಎಂದುಕೊಂಡೆ.

ಮೊದಲ ವಾರ ಅವನು ತೆಗೆದದ್ದೆಲ್ಲ ನಡುಗಿದ ಫೋಟೋ. ಗುಲಾಬಿ ಎಲೆಯ ಮೇಲಿನ ಕೆಂಪು ಜೀರುಂಡೆ ಒದ್ದೆ ಕಾಗದದ ಮೇಲೆ ಬಿದ್ದ ಇಂಕಿನ ಹಾಗೆ ಹರಡಿಕೊಂಡಿತ್ತು. ಅಣ್ಣ ಕ್ಯಾಮೆರಾವನ್ನು ಊಟದ ಮೇಜಿನ ಮೇಲೆ ಕುಕ್ಕಿದ.

"ನೋಡು, ಇದರಲ್ಲೂ ಅದೇ ಹಣೆಬರಹ."

"ಬೆಳಕು ಸಾಲ್ತಿಲ್ಲ ಅಷ್ಟೇ ಕಣೋ," ಎಂದೆ. "ಮುಂದಿನ ಭಾನುವಾರ ಫ್ಲ್ಯಾಶ್ ತಂದುಕೊಡ್ತೀನಿ."

ನಾನು ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹುಳದ ಕಣ್ಣೂ ಕಾಲೂ ಒಟ್ಟಿಗೆ ಸ್ಪಷ್ಟವಾಗಬೇಕಾದರೆ ಲೆನ್ಸಿನ ಕಿಂಡಿಯನ್ನು ಚಿಕ್ಕದು ಮಾಡಬೇಕು. ಕಿಂಡಿ ಚಿಕ್ಕದಾದರೆ ಬೆಳಕು ಸಾಲದು. ಸಾಲದ ಬೆಳಕಿಗಾಗಿ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದುಕೊಂಡಿರಬೇಕು. ಆ ಹೊತ್ತಿನಲ್ಲಿ ಗಾಳಿಗೆ ಎಲೆ ಅಲ್ಲಾಡುತ್ತದೆ, ಕೈಯೂ ಅಲ್ಲಾಡುತ್ತದೆ. ಫ್ಲ್ಯಾಶ್ ಹಾಕಿದರೆ ಕಥೆಯೇ ಬೇರೆ. ಆಗ ಹೊರಗಿನ ಬೆಳಕು ಲೆಕ್ಕಕ್ಕೇ ಬರುವುದಿಲ್ಲ, ಚಿತ್ರ ಮೂಡುವುದು ಫ್ಲ್ಯಾಶ್ ಬೆಳಕಿನಿಂದ ಮಾತ್ರ. ಅದು ಹೊತ್ತಿ ಆರುವುದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಬೇಗ. ಅಷ್ಟರಲ್ಲಿ ಯಾವ ಕೈಯೂ ಎಲ್ಲಿಗೂ ಹೋಗಲಾರದು. ಆ ಗಳಿಗೆಯಲ್ಲಿ ಭೂಕಂಪವಾದರೂ ಫೋಟೋದಲ್ಲಿ ಕಾಣುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಬೆಳಕಿನ ಮಾತನ್ನು ಅಣ್ಣನಿಗೆ ಹೇಳಿದೆ, ಕೈಯ ಮಾತನ್ನು ಹೇಳಲಿಲ್ಲ. ಹೇಳಿದರೆ ಅವನಿಗೆ ಫೋಟೋ ಬಂದ ಸಂತೋಷವೂ ಇರುತ್ತಿರಲಿಲ್ಲ.

ಬರೀ ಫ್ಲ್ಯಾಶ್ ಹೊಡೆದರೆ ಜೀರುಂಡೆಯ ನುಣುಪು ಬೆನ್ನಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಮಚ್ಚೆ ಬೀಳುತ್ತದೆ. ಬೆಳಕನ್ನು ಹರಡಿ ಮೆದು ಮಾಡಬೇಕು. ಅತ್ತಿಗೆ ಜೋಪಾನವಾಗಿ ಎತ್ತಿಟ್ಟಿದ್ದ ಐಸ್‌ಕ್ರೀಮ್ ಡಬ್ಬಿಯನ್ನು ಅಣ್ಣ ಕತ್ತರಿಸಿ, ಒಳಗೆ ಹೊಸ ನಲ್ಲಿಗೆ ಸುತ್ತಿ ಬಂದಿದ್ದ ಬಿಳಿ ಫೋಮ್ ಹಾಳೆ ಅಂಟಿಸಿ, ಫ್ಲ್ಯಾಶ್ ಮೂತಿಗೆ ಟೋಪಿ ಮಾಡಿದ. ಕತ್ತರಿಸಿದ ಅಂಚು ಡೊಂಕಾಗಿತ್ತು. ಅಣ್ಣ ಅದರ ಮೇಲೆ ಟೇಪು ಸುತ್ತಿದ. ಅತ್ತಿಗೆ ಡಬ್ಬಿ ಹೋದದ್ದಕ್ಕೆ ವಾರವಿಡೀ ಗೊಣಗಿದರು.

ಆಮೇಲೆ ಅಣ್ಣನನ್ನು ಹಿಡಿಯುವವರೇ ಇಲ್ಲ. ಬೆಳಗಿನ ತಂಪಿನಲ್ಲಿ ಹುಳಗಳು ಮಂಕಾಗಿ ಕೂತಿರುತ್ತವೆ ಎಂದು ತಾನೇ ಕಂಡುಕೊಂಡ. ಮಂಡಿಯೂರಿ, ಉಸಿರು ಬಿಗಿಹಿಡಿದು, ಮೈಯನ್ನೇ ಹಿಂದೆ ಮುಂದೆ ತೂಗುತ್ತಾ, ಹುಳದ ಕಣ್ಣು ಸ್ಪಷ್ಟವಾದ ಕೂಡಲೇ ಗುಂಡಿ ಒತ್ತುತ್ತಿದ್ದ. ಕೆಟ್ಟದ್ದನ್ನೆಲ್ಲ ಅಳಿಸಿ ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದ. ಎಲ್ಲರೂ ಮಾಡುವುದು ಅದನ್ನೇ, ನಾನೂ ಮಾಡುತ್ತೇನೆ. ಜೇನುನೊಣದ ಮೂತಿಗಂಟಿದ ಹೂಪುಡಿ, ಪುಟ್ಟ ಜೇಡದ ಎಂಟು ಕಣ್ಣು, ಮಿಡತೆಯ ಮಂಡಿಯ ಮುಳ್ಳು, ಎಲ್ಲವೂ ಬಂದವು.

"ಬೆಳಗ್ಗೆ ತೆಗ್ದಿದ್ದು, ಹಿಂದೆ ಎಲ್ಲಾ ರಾತ್ರಿ ಥರ ಕಪ್ಪಾಗಿದೆಯಲ್ಲ?" ಎಂದು ಅತ್ತಿಗೆ ಕೇಳಿದರು.

"ಅದು ಸ್ಟೈಲು," ಎಂದ ಅಣ್ಣ.

ಫ್ಲ್ಯಾಶ್ ಬೆಳಕು ಅಷ್ಟು ದೂರ ಹೋಗುವುದಿಲ್ಲ, ಅದಕ್ಕೇ ಕಪ್ಪು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವನ ಇರುವೆಯೊಂದನ್ನು ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಫ್ರೇಮ್ ಕಟ್ಟಿಸಿಕೊಟ್ಟೆ. ಅದರ ಕಾಲಿನ ಕೂದಲುಗಳನ್ನು ಒಂದೊಂದಾಗಿ ನೋಡಬಹುದಿತ್ತು. ಅಡುಗೆಮನೆಯಲ್ಲಿ ಇರುವೆ ಪುಡಿ ಹಾಕುವುದು, ಊಟದ ಮೇಜಿನೆದುರು ಇರುವೆ ಫೋಟೋ ತೂಗುಹಾಕುವುದು, ಇದೆಂಥಾ ಮನೆ ಎಂದು ಅತ್ತಿಗೆ ನಕ್ಕರು. ಎಷ್ಟೋ ದಿನಗಳ ಮೇಲೆ ಅವರ ನಗು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು.

ಕಳೆದ ಭಾನುವಾರ ಅಲ್ಲಿಗೆ ಹೋದಾಗ ಚಿಕ್ಕ ಡಾಕ್ಟರು ಬಂದು ಕೂತಿದ್ದರು. ಮೇಜಿನ ತುಂಬಾ ಅಣ್ಣನ ಫೋಟೋಗಳು. ಅತ್ತಿಗೆ ಸೇಬು ಹೆಚ್ಚುತ್ತಿದ್ದರು. ಮೂವರ ಮುಖವೂ ಅರಳಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಸುದ್ದಿ ಹೇಳಿಬಿಟ್ಟರು.

"ನಾಳೆಯಿಂದ ನಿಮ್ಮಣ್ಣ ಮತ್ತೆ ಕ್ಲಿನಿಕ್ಕಿಗೆ!"

"ಈ ಫೋಟೋ ನೋಡಿ ನಂಗಂತೂ ಅನುಮಾನವೇ ಉಳೀಲಿಲ್ಲ," ಎಂದರು ಚಿಕ್ಕ ಡಾಕ್ಟರು. "ಕೈ ಒಂಚೂರು ಅಲುಗಿದ್ರೂ ಇದು ಹೀಗೆ ಬರ್ತಿರ್ಲಿಲ್ಲ. ನಾಳೆ ಹತ್ತು ಗಂಟೆಗೆ ಸರ್ ಹಳೇ ಪೇಷಂಟ್ ಒಬ್ರು ಬರ್ತಿದ್ದಾರೆ. ಸರೇ ನೋಡ್ಲಿ ಅಂತ ಹೇಳೋಕೆ ಬಂದೆ."

ಅಣ್ಣ ಇರುವೆಯ ಫೋಟೋ ಕಡೆ ಬೆರಳು ತೋರಿಸಿದ. "ಸುಮ್ನೆ ಕೂತಾಗ ನಡುಗುತ್ತೆ, ಒಪ್ತೀನಿ. ಕೆಲಸಕ್ಕೆ ಇಳಿದ್ರೆ ನಿಂತುಬಿಡುತ್ತೆ. ನರದ ಡಾಕ್ಟ್ರು ಹೇಳಿದ್ದೂ ಅದನ್ನೇ. ನಾನು ಸುಮ್ನೆ ಹೇಳ್ತಿಲ್ಲ ಪಟಾಕಿ, ಇಷ್ಟು ತಿಂಗಳಿನ ಸಾಕ್ಷಿ ಇದೆ."

ಅತ್ತಿಗೆ ಸೇಬಿನ ಹೋಳೊಂದನ್ನು ನನ್ನ ಕೈಗಿಟ್ಟರು. ಅವನು ಸುಮ್ಮನೆ ಹೇಳುವವನಲ್ಲ ಎಂಬುದೇ ತೊಂದರೆಯಾಗಿತ್ತು. ತನ್ನ ಮೇಲೆ ತನಗೇ ನಂಬಿಕೆ ಇಲ್ಲದಾಗ ಬಾಗಿಲು ಹಾಕಿಕೊಂಡು ಬಂದ ಮನುಷ್ಯ, ಈಗ ಸಾಕ್ಷಿ ಸಿಕ್ಕಿತೆಂದು ಬಾಗಿಲು ತೆಗೆಯುತ್ತಿದ್ದಾನೆ. ಆ ಸಾಕ್ಷಿಯನ್ನು ಅವನ ಕೈಗೆ ಕೊಟ್ಟವಳು ನಾನು.

"ಅಣ್ಣ, ಫೋಟೋ ತೆಗೆಯೋದು ಬೇರೆ, ಹಲ್ಲು ಕೊರೆಯೋದು ಬೇರೆ," ಎಂದೆ.

"ಎರಡೂ ಸೂಕ್ಷ್ಮ ಕೆಲಸಾನೇ ಕಣೇ."

"ಹಾಗಲ್ಲ, ಆ ಫ್ಲ್ಯಾಶ್ ಇದೆಯಲ್ಲ..."

"ಗೊತ್ತು ಗೊತ್ತು, ಅದನ್ನ ಕೊಟ್ಟಿದ್ದು ನೀನೇ. ನಾಳೆ ಕ್ಲಿನಿಕ್ಕಿನ ಬಾಗಿಲಲ್ಲಿ ನಿನ್ನ ಹೆಸರಿನ ಬೋರ್ಡು ಹಾಕಿಸ್ತೀನಿ, ಸರೀನಾ?"

ಎಲ್ಲರೂ ನಕ್ಕರು. ಅತ್ತಿಗೆ ನಗುತ್ತಲೇ ಅಂಗೈಯಿಂದ ಕಣ್ಣೊರೆಸಿಕೊಂಡರು. ಇಡೀ ವರ್ಷ ಆ ಹೆಂಗಸು ಪಟ್ಟ ಪಾಡು ನನಗೆ ಗೊತ್ತು. ಅವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ. ಮದುಮಗನ ಅಪ್ಪನಿಗೇ ಮುಖದ ಮೇಲೆ ಹೊಡೆದ ಹಾಗೆ ಮಾತಾಡುವವಳು ನಾನು, ಅಲ್ಲಿ ಸೇಬು ಜಗಿಯುತ್ತಾ ಕೂತೆ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಅಣ್ಣ ನನ್ನನ್ನೇ ನೋಡುತ್ತಿದ್ದ. "ಎಡಗಡೆ ಯಾಕೆ ಜಗೀತಿಲ್ಲ?"

"ಏನಿಲ್ಲ."

"ಸುಳ್ಳು. ಕೆಳಗಿನ ದವಡೆ ಹಲ್ಲು, ಅಲ್ವಾ? ಸಿಹಿ ತಿಂದ್ರೆ ಚುಳ್ ಅನ್ನುತ್ತೆ."

ಹೌದು, ಅನ್ನುತ್ತಿತ್ತು. ಒಂದು ವಾರದಿಂದ ಅದನ್ನು ಅವನಿಂದ ಮುಚ್ಚಿಟ್ಟುಕೊಂಡು ತಿರುಗುತ್ತಿದ್ದೆ. ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟ.

"ನಡಿ. ನಾಳೆ ತನಕ ಯಾಕೆ? ನೀನೇ ನನ್ನ ಮೊದಲನೇ ಪೇಷಂಟು. ಮಿಕ್ಕವರೆಲ್ಲ ಆಮೇಲೆ."

ಚಿಕ್ಕ ಡಾಕ್ಟರು ಖುಷಿಯಿಂದ ಬೀಗದ ಕೈ ತೆಗೆದುಕೊಟ್ಟು, ಬೇಕಾದರೆ ತಾವೂ ಬರುವುದಾಗಿ ಹೇಳಿದರು. ತಂಗಿಯ ಹಲ್ಲಿಗೆ ಇಬ್ಬರು ಡಾಕ್ಟರು ಯಾಕೆ ಎಂದ ಅಣ್ಣ.

ಕ್ಲಿನಿಕ್ಕು ಪಕ್ಕದ ಬೀದಿಯಲ್ಲೇ ಇದೆ. ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡೆ. ಅಂಗಡಿಗಳಿಗೆಲ್ಲ ರಜೆ, ರಸ್ತೆ ಖಾಲಿ, ಹೇಳಲು ಅಡ್ಡಿಯೇನೂ ಇರಲಿಲ್ಲ. ಆದರೆ ಅಣ್ಣ ಹಿಂದಿನ ಹಾಗೇ ಬಿರಬಿರನೆ ನಡೆಯುತ್ತಿದ್ದ, ನಾನು ಹಿಂದೆ ಓಡಬೇಕಾಗಿತ್ತು. ಸಿಳ್ಳೆ ಬೇರೆ. ಔಷಧಿ ಅಂಗಡಿಯ ಮೂಲೆ ತಿರುಗಿದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಮೂಲೆ ತಿರುಗಿದ್ದಾಯಿತು, ಕ್ಲಿನಿಕ್ಕಿನ ಶಟರೂ ಬಂತು. ಸಣ್ಣ ಫಿಲ್ಲಿಂಗು ತಾನೇ, ಮಾಡಲಿ ಬಿಡು, ನನ್ನ ಹಲ್ಲು ಹೋದರೆ ಹೋಯಿತು ಎಂದು ಕೊನೆಗೆ ಅನ್ನಿಸಿತು. ನಾಳೆಯ ಪೇಷಂಟಿನ ಗತಿಯೇನೆಂದು ಯೋಚಿಸಲು ಮನಸ್ಸು ಒಪ್ಪಲಿಲ್ಲ.

ಒಳಗೆ ಲವಂಗದೆಣ್ಣೆ ಮತ್ತು ಸ್ಪಿರಿಟ್ಟಿನ ವಾಸನೆ. ಅಣ್ಣ ಮೋಟರ್ ಹಾಕಿದ, ಕೈ ತೊಳೆದ, ಮಾಸ್ಕು ಕಟ್ಟಿ ಗ್ಲೌಸು ಹಾಕಿಕೊಂಡ. ಕುರ್ಚಿ ಹಿಂದಕ್ಕೆ ವಾಲಿತು. ದೊಡ್ಡ ದೀಪವನ್ನು ಎಳೆದು ನನ್ನ ಬಾಯಿಯ ಮೇಲೆ ನಿಲ್ಲಿಸಿದ. ಒಂದೇ ಸಮನೆ ಉರಿಯುವ ದೀಪ ಅದು. ಅದರ ಕೆಳಗೆ ಏನನ್ನೂ ಮುಚ್ಚಿಡಲಾಗದು.

"ಆ ಅನ್ನು."

ಆ ಅಂದೆ. ಉದ್ದ ಹಿಡಿಯ ಪುಟ್ಟ ಕನ್ನಡಿ ಒಳಗೆ ಬಂತು. ಬಂದದ್ದೇ ನನ್ನ ಹಲ್ಲಿಗೆ ತಾಗಿ ಟಿಕ್ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು.

"ಹೆದರ್ಕೋಬೇಡ," ಎಂದ ಅಣ್ಣ ಮೆತ್ತಗೆ. "ನಡುಗ್ತಿದ್ದೀಯ."

ನಾನು ನಡುಗುತ್ತಿರಲಿಲ್ಲ. ತಲೆಯನ್ನು ದಿಂಬಿಗೆ ಒತ್ತಿ ಕಲ್ಲಾಗಿ ಮಲಗಿದ್ದೆ. ಅವನು ಹೇಳಿದ್ದು ಮನಃಪೂರ್ವಕವಾಗಿ. ಹೆದರಿದ ಪೇಷಂಟಿಗೆ ಅವನು ಯಾವಾಗಲೂ ಹೇಳುವ ಧಾಟಿಯಲ್ಲೇ ಹೇಳಿದ್ದ. ಅದನ್ನು ಕೇಳಿ ನನಗೆ ಅಳು ಬಂತು, ಬಾಯಿ ತೆರೆದುಕೊಂಡು ಅಳುವುದು ಹೇಗೆಂದು ಗೊತ್ತಾಗಲಿಲ್ಲ.

"ಇಂಜೆಕ್ಷನ್ ಬೇಡ, ಹುಳುಕು ಮೇಲ್ಮೇಲೇ ಇದೆ," ಎಂದು ಡ್ರಿಲ್ ಎತ್ತಿಕೊಂಡ. ಕಾಲಿನಿಂದ ಪೆಡಲ್ ಒತ್ತಿದಾಗ ಆ ಸದ್ದು ಎದ್ದಿತು. ದೀಪದ ಬೆಳಕಿನಲ್ಲಿ ಡ್ರಿಲ್ಲಿನ ತುದಿ ನನ್ನ ಬಾಯಿಯ ಕಡೆ ಬರುವುದನ್ನು ನೋಡಿದೆ. ಅದು ನೇರವಾಗಿ ಬರುತ್ತಿರಲಿಲ್ಲ. ಹೂವಿನ ಮುಂದೆ ನೊಣ ಆಡುವ ಹಾಗೆ ಅತ್ತಿತ್ತ ಆಡುತ್ತಾ ಬರುತ್ತಿತ್ತು. ತುಟಿಯ ಹತ್ತಿರ ಬಂದಾಗ ನಾನು ಅವನ ಮುಂಗೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ.

"ಏಯ್! ಡ್ರಿಲ್ ಇರುವಾಗ ಕೈ ಹಿಡೀತಾರೇನೇ? ಹುಚ್ಚಾ ನಿಂಗೆ?"

"ನಡುಗ್ತಿರೋದು ನಾನಲ್ಲ ಅಣ್ಣ."

ಅವನು ಪೆಡಲಿನಿಂದ ಕಾಲು ತೆಗೆದ. ಸದ್ದು ನಿಂತಿತು. ನನ್ನ ಎರಡೂ ಅಂಗೈಗಳ ನಡುವೆ ಅವನ ಕೈ ಒಂದೇ ಸಮನೆ ಮಿಡಿಯುತ್ತಿತ್ತು.

"ಫೋಟೋ ನೋಡಿದ್ದೀಯಲ್ಲ ನೀನು," ಎಂದ.

"ಅದು ಫ್ಲ್ಯಾಶ್ ಕೆಲಸ. ನಿನ್ನ ಕೈ ನಿಂತಿಲ್ಲ. ನಿಂತ ಹಾಗೆ ಅದು ತೋರಿಸುತ್ತೆ. ಅಷ್ಟು ಬೇಗ ಹೊತ್ತಿ ಆರಿಹೋಗುತ್ತೆ, ಕೈ ಅಲುಗಾಡೋಕೆ ಅದು ಟೈಮೇ ಕೊಡಲ್ಲ."

ಅಣ್ಣ ಮಾಸ್ಕು ಕೆಳಗೆಳೆದ. ನಂಬಿದ ಮುಖ ಅಲ್ಲ ಅದು. "ತೋರಿಸು," ಎಂದ.

ಕ್ಯಾಮೆರಾ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕುರ್ಚಿಯಲ್ಲೇ ಎದ್ದು ಕೂತೆ. ಕನ್ನಡಿಯನ್ನು ಕೆಲಸಕ್ಕೆ ಹಿಡಿಯುವ ಹಾಗೇ ಹಿಡಿದುಕೋ ಎಂದೆ, ಹಿಡಿದ. ಕ್ಯಾಮೆರಾವನ್ನು ಕುರ್ಚಿಯ ತೋಳಿನ ಮೇಲೆ ಅಲುಗದಂತೆ ಊರಿ, ಫ್ಲ್ಯಾಶ್ ಹಾಕಿ ಒಂದು ತೆಗೆದೆ. ಫ್ಲ್ಯಾಶ್ ಆರಿಸಿ, ಬರೀ ದೀಪದ ಬೆಳಕಿನಲ್ಲಿ ಇನ್ನೊಂದು ತೆಗೆದೆ. ಅಣ್ಣ ನನ್ನ ಪಕ್ಕಕ್ಕೆ ಬಂದು ಬಗ್ಗಿದ.

ಮೊದಲನೆಯದರಲ್ಲಿ ಕನ್ನಡಿಯ ಹಿಡಿಯ ಮೇಲೆ ಕೊರೆದ ಅಂಕಿಗಳನ್ನು ಓದಬಹುದಿತ್ತು. ಗ್ಲೌಸಿನ ಸುಕ್ಕುಗಳೂ ಕಾಣುತ್ತಿದ್ದವು. ಎರಡನೆಯದರಲ್ಲಿ ಹಿಡಿಯೇ ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಬೆಳ್ಳಗೆ ಅಗಲವಾದ ಒಂದು ಪಟ್ಟಿ ಇತ್ತು, ಬೆರಳುಗಳು ಒಂದರೊಳಗೊಂದು ಕಲಸಿಹೋಗಿದ್ದವು.

ಅಣ್ಣ ಗುಂಡಿ ಒತ್ತಿ ಮೊದಲನೆಯದಕ್ಕೆ ಹೋದ. ಎರಡನೆಯದಕ್ಕೆ ಬಂದ. ಮತ್ತೆ ಮೊದಲನೆಯದಕ್ಕೆ ಹೋದ. ಎಕ್ಸ್‌ರೇ ನೋಡುವಾಗ ಅವನು ಹೀಗೇ ನೋಡುತ್ತಾನೆ, ಮುಖದಲ್ಲಿ ಏನೂ ತೋರಿಸುವುದಿಲ್ಲ. ಕೊನೆಗೆ ಕ್ಯಾಮೆರಾವನ್ನು ನನ್ನ ತೊಡೆಯ ಮೇಲಿಟ್ಟು ತನ್ನ ಸ್ಟೂಲಿನ ಮೇಲೆ ಕೂತ.

"ಯಾವಾಗಿಂದ ಗೊತ್ತು ನಿಂಗೆ?"

"ಫ್ಲ್ಯಾಶ್ ತಂದುಕೊಟ್ಟ ದಿನದಿಂದ."

"ಮತ್ತೆ ಇವತ್ತು ಈ ಕುರ್ಚಿ ಮೇಲೆ ಯಾಕೆ ಕೂತೆ?"

"ನೀನು ಕರೆದೆಯಲ್ಲ," ಎಂದೆ.

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ನನ್ನನ್ನು ಪಟಾಕಿ ಎನ್ನುವವನ ಸಿಟ್ಟನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಕರೆದ್ರೆ ಬಂದುಬಿಡೋದಾ? ನನ್ನ ಕೈಯಲ್ಲಿ ಏನಿತ್ತು ಗೊತ್ತಾ? ಜಾರಿದ್ರೆ ನಾಲಿಗೆ ಸೀಳಿಹೋಗ್ತಿತ್ತು ಕಣೇ! ತುಟಿಗೆ ಒಂದು ಗೀರು ಬಿದ್ದಿದ್ದಕ್ಕೇ ಎಲ್ಲಾ ಬಿಟ್ಟು ಮನೇಲಿ ಕೂತಿದ್ದವನು ನಾನು. ನಿಂಗೇನಾದ್ರೂ ಆಗಿದ್ರೆ ಯಾವ ಮುಖ ಇಟ್ಕೊಂಡು ಮನೆಗೆ ಹೋಗ್ತಿದ್ದೆ?"

ಅಣ್ಣ ಗ್ಲೌಸು ಬಿಚ್ಚಿದ. ಒಂದು ಸಲೀಸಾಗಿ ಬಂತು, ಇನ್ನೊಂದು ಬರಲಿಲ್ಲ. ನಾನು ಕೈ ಚಾಚಿದೆ, ಬೇಡ ಎಂದು ತಲೆಯಾಡಿಸಿ ಹಲ್ಲಿನಿಂದ ಕಚ್ಚಿ ಎಳೆದ.

ಫೋನ್ ತೆಗೆದು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಚಿಕ್ಕ ಡಾಕ್ಟರಿಗೆ ಮಾಡಿದ. ಅವರು ಇನ್ನೂ ಅಣ್ಣನ ಮನೆಯಲ್ಲೇ ಇದ್ದರು, ಹಿಂದೆ ಅತ್ತಿಗೆಯ ನಗು ಕೇಳಿಸುತ್ತಿತ್ತು.

"ಸರ್, ಮುಗೀತಾ? ಹೇಗಾಯ್ತು?"

"ಸ್ವಲ್ಪ ಇಲ್ಲಿಗೆ ಬನ್ನಿ. ನನ್ನ ತಂಗಿಗೆ ಒಂದು ಫಿಲ್ಲಿಂಗ್ ಮಾಡಬೇಕು."

ಆ ಕಡೆ ನಗು ನಿಂತಿತು.

"ಸರಿ ಸರ್, ಬಂದೆ," ಎಂದರು ಅವರು. "ನಾಳೆ ಹತ್ತು ಗಂಟೆಯವರು?"

"ಅವರನ್ನ ನೀವೇ ನೋಡಿ."

"ನಾಡಿದ್ದು ಇನ್ನಿಬ್ರಿಗೆ ನಿಮ್ಮ ಹೆಸರು ಹೇಳಿದ್ದೆ ಸರ್."

ಅಣ್ಣ ಬಲಗೈಯನ್ನು ಎಡಗೈಯಿಂದ ಮುಚ್ಚಿ ಹಿಡಿದುಕೊಂಡಿದ್ದ.

"ಅವರನ್ನೂ ನೀವೇ ನೋಡಿ," ಎಂದ. "ಇನ್ನು ಮೇಲೆ ಎಲ್ಲರನ್ನೂ ನೀವೇ ನೋಡಿ."